ಮೈಕಿನ ಮುಂದೆ ದೇವರ ಮಾತು

(ರೇಡಿಯೊ ಮತ್ತು ಪಾಡ್‌ಕಾಸ್ಟ್ ಮಾಡುವ ಗೆಳೆಯರ ಕೂಟದಲ್ಲಿ ಆಡಿದ ಮಾತು. ಓದಲು ಸರಿಹೋಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಎಷ್ಟೋ ವರ್ಷಗಳ ಹಿಂದಿನ ಮಾತು. ಆಗ ನಾನು ರೇಡಿಯೊದಲ್ಲಿ ನೇರ ಪ್ರಸಾರದ ಕಾರ್ಯಕ್ರಮ ನಡೆಸುತ್ತಿದ್ದೆ. ಅವತ್ತಿನ ವಿಷಯ, ಸತ್ತ ಮೇಲೆ ಏನಾದರೂ ಉಳಿಯುತ್ತದಾ ಎಂಬುದು. ಅತಿಥಿಯಾಗಿ ಬಂದವರು ಚೆನ್ನಾಗಿ ಓದಿಕೊಂಡವರು, ದೇವರು ದೆವ್ವ ಯಾವುದನ್ನೂ ನಂಬದವರು. ಅರ್ಧ ಗಂಟೆ ಕಳೆದಿರಬೇಕು, ಒಬ್ಬ ಹೆಂಗಸು ಫೋನ್ ಮಾಡಿದರು.

"ನನ್ನ ಮಗ ಹೋಗಿ ಎರಡು ವರ್ಷ ಆಯ್ತು ಸರ್. ದಿನಾ ರಾತ್ರಿ ಮಲಗೋ ಮುಂಚೆ ಅವನ ಹತ್ರ ಮಾತಾಡ್ತೀನಿ. ಅವನಿಗೆ ಕೇಳ್ಸುತ್ತೆ. ಕೇಳ್ಸಲ್ಲ ಅಂತೀರಾ?"

ನಮ್ಮ ಅತಿಥಿ ವಿವರಿಸಿದರು. ದುಃಖದಲ್ಲಿರುವ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಹತ್ತಿರದವರನ್ನು ಕಳೆದುಕೊಂಡ ಎಷ್ಟೋ ಜನರಿಗೆ ಅವರ ಧ್ವನಿ ಕೇಳಿಸಿದ ಹಾಗೆ ಯಾಕೆ ಆಗುತ್ತದೆ ಅಂತೆಲ್ಲ. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆ ತಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆಯ್ತು ಬಿಡಿ ಸರ್" ಅಂದು ಫೋನ್ ಇಟ್ಟರು. ನಾನು ಮುಂದಿನ ಕರೆಗೆ ಹೋದೆ.

ಆ "ಆಯ್ತು ಬಿಡಿ" ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಪ್ಪಿಕೊಂಡವರ ಮಾತಲ್ಲ ಅದು. ಇವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ ಅಂತ ಗೊತ್ತಾದವರ ಮಾತು. ಅವರು ಕೇಳಿದ್ದು ಸಾಕ್ಷ್ಯದ ಪ್ರಶ್ನೆಯೇ ಆಗಿರಲಿಲ್ಲ. ನಾವು ಸಾಕ್ಷ್ಯದ ಉತ್ತರ ಕೊಟ್ಟೆವು.

ನಾನು ನಂಬಿಕೆಯವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರು ಏನೇ ಹೇಳಲಿ, ಅದು ನಿಜವೋ ಸುಳ್ಳೋ ಅಂತ ಕೇಳುವ ಹಕ್ಕು ಎಲ್ಲರಿಗೂ ಇರಬೇಕು ಅನ್ನುವವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಭಾಷೆಯೇ ಹೇಳಿಕೊಟ್ಟಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ನಡುವೆ ಒಬ್ಬರಾದರೂ "ಎತ್ತು ಈಯುತ್ತದಾ?" ಅಂತ ಕೇಳಬೇಕು. ಆದರೆ ಅದನ್ನು ಕಿವಿಯ ಮಾಧ್ಯಮದಲ್ಲಿ ಕೇಳುವುದು ಹೇಗೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇಷ್ಟೇ.

ಧ್ವನಿಯಲ್ಲಿ ಒಂದು ವಿಶೇಷ ಇದೆ. ಸಭೆಯಲ್ಲಿ ಕೂತವನಿಗೆ ಅಕ್ಕಪಕ್ಕದವರ ಮುಖ ಕಾಣುತ್ತದೆ. ಭಾಷಣಕಾರ ದೇವರಿಲ್ಲ ಅಂದಾಗ ಪಕ್ಕದವರು ಹುಬ್ಬು ಗಂಟಿಕ್ಕಿದರೆ ಇವನೂ ಗಂಟಿಕ್ಕುತ್ತಾನೆ. ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ನಡೆಯುವವನಿಗೆ ಆ ಕಾಟ ಇಲ್ಲ. ಅವನ ಮುಖ ಯಾರೂ ನೋಡುತ್ತಿಲ್ಲ. ಹುಟ್ಟಿದಾಗಿನಿಂದ ನಂಬಿದ್ದನ್ನು ಒಂದು ನಿಮಿಷ ಪಕ್ಕಕ್ಕಿಟ್ಟು ನೋಡಬಹುದು. ನೋಡಿ, ಬೇಡ ಅನ್ನಿಸಿದರೆ ಹಾಗೇ ವಾಪಸ್ ಎತ್ತಿಕೊಳ್ಳಬಹುದು. ಮನೆಯವರಿಗೆ ಗೊತ್ತಾಗುವುದಿಲ್ಲ. ನಂಬಿಕೆ ಇಲ್ಲದವನೂ ಅಷ್ಟೇ, ಒಬ್ಬ ಭಕ್ತ ಯಾಕೆ ಹಾಗೆ ಬದುಕುತ್ತಾನೆ ಅಂತ ಯಾರ ಹಂಗೂ ಇಲ್ಲದೆ ಕೇಳಿಸಿಕೊಳ್ಳಬಹುದು. ನಿರೂಪಕನೂ ಅಲ್ಲದ, ಅತಿಥಿಯೂ ಅಲ್ಲದ ಈ ಮೂರನೆಯವನೇ ನಮ್ಮ ನಿಜವಾದ ಕೇಳುಗ. ಸಾಮಾನ್ಯವಾಗಿ ಫೋನ್ ಮಾಡುವುದಿಲ್ಲ, ಪತ್ರ ಬರೆಯುವುದಿಲ್ಲ. ಸುಮ್ನೆ ಕೇಳುತ್ತಾನೆ. ಎದುರಿಗೆ ಕೂತ ಅತಿಥಿಯನ್ನು ಸೋಲಿಸುವ ಭರದಲ್ಲಿ ನಾವು ಮರೆಯುವುದು ಇವನನ್ನೇ.

ಸಂದೇಹಕ್ಕೆ ಈ ಮಾಧ್ಯಮದಲ್ಲಿ ಜಾಗ ಸುಲಭವಾಗಿ ಸಿಗಲಿಲ್ಲ. ಧರ್ಮ ಮಾತ್ರ ಶುರುವಿನಿಂದಲೇ ಇತ್ತು. ಅಮೆರಿಕದ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ 1920ರ ನವೆಂಬರಿನಲ್ಲಿ ಪ್ರಸಾರ ಆರಂಭಿಸಿತು. ಎರಡೇ ತಿಂಗಳಿಗೆ, 1921ರ ಜನವರಿ 2ರಂದು, ಅದೇ ಊರಿನ ಕ್ಯಾಲ್ವರಿ ಚರ್ಚಿನ ಪ್ರಾರ್ಥನೆಯನ್ನು ನೇರವಾಗಿ ಬಿತ್ತರಿಸಿತು. ಯಂತ್ರ ನೋಡಿಕೊಳ್ಳಲು ಬಂದ ತಂತ್ರಜ್ಞರಲ್ಲಿ ಒಬ್ಬ ಕ್ಯಾಥೊಲಿಕ್, ಇನ್ನೊಬ್ಬ ಯೆಹೂದಿ. ಪ್ರಾರ್ಥನೆಗೆ ಬಂದವರ ಗಮನ ಚದುರಬಾರದು ಅಂತ ಇಬ್ಬರಿಗೂ ಆ ಚರ್ಚಿನ ಗಾಯಕರ ನಿಲುವಂಗಿ ತೊಡಿಸಿದ್ದರಂತೆ. ನನಗೆ ಈ ಚಿತ್ರ ತುಂಬಾ ಇಷ್ಟ. ಬೇರೆ ಬೇರೆ ನಂಬಿಕೆಯವರು ಒಂದೇ ಬಟ್ಟೆ ತೊಟ್ಟು, ಇನ್ನೊಬ್ಬರ ಪ್ರಾರ್ಥನೆ ದೂರದವರಿಗೂ ಕೇಳಲಿ ಅಂತ ತಂತಿ ಹಿಡಿದು ನಿಂತಿದ್ದಾರೆ. ಹತ್ತು ವರ್ಷ ಕಳೆದು 1931ರಲ್ಲಿ ವ್ಯಾಟಿಕನ್ ರೇಡಿಯೊ ಶುರುವಾಯಿತು. ಅದನ್ನು ಕಟ್ಟಿಕೊಟ್ಟವನು ಮಾರ್ಕೊನಿ.

ಹಾಗಾದರೆ ದೇವರಿಲ್ಲ ಅನ್ನುವವನ ಪಾಡೇನು? ಕ್ಯಾಲಿಫೋರ್ನಿಯಾದ ರಾಬರ್ಟ್ ಹೆರಾಲ್ಡ್ ಸ್ಕಾಟ್ ಎಂಬಾತ ಅಲ್ಲಿನ ರೇಡಿಯೊ ಕೇಂದ್ರಗಳ ಹತ್ತಿರ ಸಮಯ ಕೇಳಿದ. ಅವು ಕೊಡಲಿಲ್ಲ. 1945ರಲ್ಲಿ ಅಮೆರಿಕದ ಪ್ರಸಾರ ಆಯೋಗಕ್ಕೆ ದೂರು ಕೊಟ್ಟ. ಆಯೋಗ ಮರುವರ್ಷ ತೀರ್ಮಾನ ಹೇಳಿತು. ಕೇಂದ್ರಗಳ ಪರವಾನಗಿ ರದ್ದು ಮಾಡಲಿಲ್ಲ. ಆದರೆ ನಂಬುವ ಸ್ವಾತಂತ್ರ್ಯದ ಒಳಗೆ ನಂಬದೇ ಇರುವ ಸ್ವಾತಂತ್ರ್ಯವೂ ಸೇರಿದೆ, ಹೆಚ್ಚು ಜನಕ್ಕೆ ಹಿಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಒಂದು ವಿಚಾರಕ್ಕೆ ಬಾಗಿಲು ಹಾಕಬಾರದು ಎಂಬ ಅರ್ಥದ ಮಾತು ಹೇಳಿತು. ಆ ವರ್ಷದ ಕೊನೆಗೆ ಒಂದು ಕೇಂದ್ರ ಅವನಿಗೆ ಅರ್ಧ ಗಂಟೆ ಕೊಟ್ಟಿತು.

ಬ್ರಿಟನ್ನಿನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1955ರ ಜನವರಿಯಲ್ಲಿ ಮಾರ್ಗರೆಟ್ ನೈಟ್ ಬಿಬಿಸಿಯಲ್ಲಿ ಎರಡು ಉಪನ್ಯಾಸ ಕೊಟ್ಟರು. ಅಬರ್ಡೀನ್‌ನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದವರು. ವಿಷಯ, ಧರ್ಮವಿಲ್ಲದೆ ನೀತಿ. ದೇವರನ್ನು ನಂಬದ ತಂದೆ ತಾಯಿ ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಹೇಗೆ ಹೇಳಿಕೊಡಬೇಕು? ಅಷ್ಟೇ. ಬೈಗುಳ ಇರಲಿಲ್ಲ, ಅಬ್ಬರ ಇರಲಿಲ್ಲ. ಆದರೂ ದೇಶದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಒಂದು ಪತ್ರಿಕೆ ಅವರ ಫೋಟೊ ಹಾಕಿ, ಅಪವಿತ್ರ ಶ್ರೀಮತಿ ನೈಟ್ ಅಂತ ತಲೆಬರಹ ಕೊಟ್ಟಿತು. ಬಿಬಿಸಿಗೂ ಅವರಿಗೂ ರಾಶಿ ರಾಶಿ ಪತ್ರ ಬಂದವು. ಬೈದು ಬರೆದವರಿದ್ದರು. ಕೊನೆಗೂ ನಮ್ಮ ಮನಸ್ಸಿನ ಮಾತನ್ನು ಒಬ್ಬರು ಹೇಳಿದರಲ್ಲ ಅಂತ ಬರೆದವರೂ ಇದ್ದರು. ನಾನು ಆಗಲೇ ಹೇಳಿದ ಮೂರನೆಯವನು ಇವನೇ. ಅಲ್ಲಿಯವರೆಗೂ ತಾನೊಬ್ಬನೇ ಅಂದುಕೊಂಡು ಕೂತಿದ್ದ.

ಇಷ್ಟು ಕೇಳಿದರೆ ರೇಡಿಯೊದಲ್ಲಿ ಈ ಮಾತು ಯಾವಾಗಲೂ ಜಗಳವೇ ಅನ್ನಿಸಬಹುದು. ಹಾಗಲ್ಲ. ನೈಟ್ ಅವರಿಗಿಂತ ಏಳು ವರ್ಷ ಮೊದಲೇ ಇದೇ ಬಿಬಿಸಿಯಲ್ಲಿ ಒಂದು ಸಂವಾದ ನಡೆದಿತ್ತು. 1948ರ ಜನವರಿ 28. ಒಂದು ಕಡೆ ಫ್ರೆಡರಿಕ್ ಕಾಪ್ಲ್‌ಸ್ಟನ್, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿ, ತತ್ವಶಾಸ್ತ್ರದ ಇತಿಹಾಸಕಾರ. ಇನ್ನೊಂದು ಕಡೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. ವಿಷಯ, ದೇವರ ಅಸ್ತಿತ್ವ. ಇಂಥ ಕಾರ್ಯಕ್ರಮ ಮಾಡುವ ಆಸೆಯಿದ್ದವರು ಇದರ ಮೊದಲ ಐದು ನಿಮಿಷವನ್ನಾದರೂ ಮತ್ತೆ ಮತ್ತೆ ಗಮನಿಸಬೇಕು.

ಕಾಪ್ಲ್‌ಸ್ಟನ್ ಮಾಡಿದ ಮೊದಲ ಕೆಲಸ ಏನು ಗೊತ್ತಾ? ನಾವು ದೇವರು ಅನ್ನುತ್ತಿರುವುದು ಏನನ್ನು ಅಂತ ಮೊದಲು ಒಪ್ಪಿಕೊಳ್ಳೋಣ ಅಂದರು. ಜಗತ್ತಿನಿಂದ ಬೇರೆಯಾಗಿರುವ, ಜಗತ್ತನ್ನು ಸೃಷ್ಟಿಸಿದ, ವ್ಯಕ್ತಿತ್ವವಿರುವ ಪರಮ ಶಕ್ತಿ, ಈ ಅರ್ಥ ನಿಮಗೆ ಸದ್ಯಕ್ಕೆ ಒಪ್ಪಿಗೆಯಾ? ರಸೆಲ್ ಒಪ್ಪಿಗೆ ಅಂದರು. ಆಮೇಲೆ ಕಾಪ್ಲ್‌ಸ್ಟನ್ ಇನ್ನೊಂದು ಪ್ರಶ್ನೆ ಕೇಳಿದರು. ದೇವರಿಲ್ಲ ಅಂತ ಸಾಧಿಸಬಹುದು ಅನ್ನುತ್ತೀರಾ, ಅಥವಾ ಅದು ತಿಳಿಯುವಂಥದ್ದಲ್ಲ ಅನ್ನುತ್ತೀರಾ? ನನ್ನದು ಎರಡನೆಯ ನಿಲುವು ಅಂತ ರಸೆಲ್ ಹೇಳಿದರು.

ಇಷ್ಟಾದ ಮೇಲೆ ವಾದ ಶುರುವಾಯಿತು. ಯಾವ ದೇವರ ಬಗ್ಗೆ ಮಾತು, ಎದುರಿನವರು ಎಲ್ಲಿ ನಿಂತಿದ್ದಾರೆ, ಎರಡೂ ಕೇಳುಗರಿಗೆ ಗೊತ್ತಾಗಿದೆ. ಇವತ್ತಿನ ಎಷ್ಟು ಕಾರ್ಯಕ್ರಮಗಳಲ್ಲಿ ಇದು ನಡೆಯುತ್ತದೆ, ನೀವೇ ಹೇಳಿ. ಒಬ್ಬರು ಕಷ್ಟಕ್ಕೆ ಓಡಿಬರುವ ದೇವರ ಬಗ್ಗೆ ಮಾತಾಡುತ್ತಾರೆ. ಇನ್ನೊಬ್ಬರು ಪ್ರಕೃತಿಯೇ ದೇವರು ಅನ್ನುತ್ತಾರೆ. ಮೂರನೆಯವರು ಧರ್ಮದ ಹೆಸರಿನಲ್ಲಿ ನಡೆದ ಹಿಂಸೆಯ ಬಗ್ಗೆ ಹೇಳುತ್ತಾರೆ. ಒಂದು ಗಂಟೆ ಕೂಗಾಡಿದ ಮೇಲೆ ನೋಡಿದರೆ ಮೂವರೂ ಬೇರೆ ಬೇರೆ ಊರಿನ ಬಸ್ಸಿನಲ್ಲಿ ಕೂತಿರುತ್ತಾರೆ.

ಅವರಿಬ್ಬರೂ ಒಂದು ತೀರ್ಮಾನಕ್ಕೆ ಬರಲಿಲ್ಲ. ಜಗತ್ತು ಯಾಕಿದೆ ಅಂತ ಕಾಪ್ಲ್‌ಸ್ಟನ್ ಕೇಳುತ್ತಾ ಹೋದರು. ವಿಶ್ವ ಸುಮ್ಮನೆ ಇದೆ, ಅಷ್ಟೇ ಅಂದರು ರಸೆಲ್. ಚದುರಂಗದ ಹಾಸಿನ ಮುಂದೆ ಕೂರುವುದೇ ಇಲ್ಲ ಅನ್ನುವವನಿಗೆ ಶಹ ಕೊಡಲಾಗದು ಎಂಬ ಅರ್ಥದ ಮಾತು ಕಾಪ್ಲ್‌ಸ್ಟನ್ ಬಾಯಲ್ಲಿ ಬಂತು. ಖಾರವಾದ ಮಾತೇ. ಆದರೆ ಅದು ರಸೆಲ್ ಅವರ ವಾದಕ್ಕೆ ಹೇಳಿದ ಮಾತು, ರಸೆಲ್ ಅವರಿಗಲ್ಲ. ಕೇಳುವವನು ಎರಡೂ ಕಡೆಯ ಮಾತನ್ನು ಅದರ ಪೂರ್ಣ ಬಲದಲ್ಲಿ ಕೇಳಿಸಿಕೊಂಡು ಮನೆಗೆ ಹೋಗಬಹುದು. ಅಷ್ಟು ಸಾಕಲ್ವಾ?

ಪಾಡ್‌ಕಾಸ್ಟ್ ಬಂದ ಮೇಲೆ ಪರವಾನಗಿಯ ಪ್ರಶ್ನೆ ಹೋಯಿತು. ಆ ಪದ ಅಚ್ಚಿನಲ್ಲಿ ಬಂದದ್ದು 2004ರಲ್ಲಿ. ಮರುವರ್ಷವೇ ವೈದ್ಯ ಸ್ಟೀವನ್ ನೊವೆಲ್ಲಾ ಮತ್ತು ಗೆಳೆಯರು ಸಂದೇಹವಾದಕ್ಕಾಗಿಯೇ ಒಂದು ವಾರದ ಕಾರ್ಯಕ್ರಮ ಶುರು ಮಾಡಿದರು. ಬ್ರಿಟನ್ನಿನ ಒಂದು ಕ್ರೈಸ್ತ ರೇಡಿಯೊದಲ್ಲಿ ಜಸ್ಟಿನ್ ಬ್ರಯರ್ಲಿ ನಂಬುವವರನ್ನೂ ನಂಬದವರನ್ನೂ ಎದುರುಬದುರು ಕೂರಿಸುವ ಕಾರ್ಯಕ್ರಮ ಆರಂಭಿಸಿದ್ದೂ ಆ ಹೊತ್ತಿನಲ್ಲೇ. ಸಮಯದ ಮಿತಿಯೂ ಹೋಯಿತು. ಯಾರ ಅಪ್ಪಣೆಯೂ ಬೇಡ. ಒಳ್ಳೆಯದೇ ಆಯಿತು. ಆದರೆ ನಮ್ಮವರಿಗಾಗಿ ನಾವೇ ಮಾತಾಡಿಕೊಳ್ಳುವ ರೂಢಿಯೂ ಜೊತೆಗೇ ಬಂತು. ನಾಲ್ಕು ಜನ ನಾಸ್ತಿಕರು ಸೇರಿ ಭಕ್ತರನ್ನು ನೋಡಿ ನಗುವುದು, ನಾಲ್ಕು ಜನ ಭಕ್ತರು ಸೇರಿ ನಾಸ್ತಿಕರಿಗೆ ಅಹಂಕಾರ ಅನ್ನುವುದು. ಇಂಥ ಕಾರ್ಯಕ್ರಮ ಕೇಳಿ ಯಾರಾದರೂ ಯೋಚನೆ ಮಾಡಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ.

ಮಾತಿನ ವೇಗದ ಬಗ್ಗೆಯೂ ಒಂದು ಮಾತು. ವಿಕಾಸವಾದವನ್ನು ವಿರೋಧಿಸುತ್ತಿದ್ದ ಡ್ಯುವಾನ್ ಗಿಶ್ ಎಂಬವರು ವೇದಿಕೆಯಲ್ಲಿ ಒಂದರ ಹಿಂದೆ ಒಂದು ಆಕ್ಷೇಪ ಎಸೆಯುತ್ತಾ ಹೋಗುತ್ತಿದ್ದರು. ಒಂದಕ್ಕೆ ಉತ್ತರ ಹೇಳುವಷ್ಟರಲ್ಲಿ ಇನ್ನು ಹತ್ತು ಬಂದಿರುತ್ತಿದ್ದವು. 1994ರಲ್ಲಿ ವಿಕಾಸವಾದದ ಪರ ಮಾತಾಡುತ್ತಿದ್ದ ಯುಜೀನಿ ಸ್ಕಾಟ್ ಈ ತಂತ್ರಕ್ಕೆ ಗಿಶ್ ಓಟ ಅಂತ ಹೆಸರಿಟ್ಟರು. ಕಿವಿಯ ಮಾಧ್ಯಮದಲ್ಲಿ ಇದು ಇನ್ನೂ ಜಾಸ್ತಿ ಅಪಾಯ, ಯಾಕೆಂದರೆ ಕೇಳುವವನಿಗೆ ಹಿಂದಿನ ಪುಟ ತಿರುಗಿಸಿ ನೋಡಲು ಆಗುವುದಿಲ್ಲ. ಆಗ ನಿರೂಪಕ ಮಾಡಬೇಕಾದ್ದು ಒಂದೇ. "ಸ್ವಲ್ಪ ಇರಿ, ಈಗ ಹೇಳಿದ ಐದರಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಯಾವುದು? ಅದೊಂದನ್ನೇ ನೋಡೋಣ." ಈ ಪ್ರಶ್ನೆಯನ್ನು ಎರಡೂ ಕಡೆಯವರಿಗೆ ಕೇಳಬೇಕು. ನಮ್ಮ ವೈಚಾರಿಕ ಗೆಳೆಯರೂ ಈ ಓಟ ಓಡುತ್ತಾರೆ, ನಾನು ನೋಡಿದ್ದೇನೆ.

ಈಗ ಪವಾಡಗಳ ವಿಷಯ. 1986ರಲ್ಲಿ ಅಮೆರಿಕದಲ್ಲಿ ಪೀಟರ್ ಪಾಪಾಫ್ ಎಂಬ ಧರ್ಮಪ್ರಚಾರಕ ಸಾವಿರಾರು ಜನರ ಮುಂದೆ ರೋಗಿಗಳ ಹೆಸರು, ವಿಳಾಸ, ಕಾಯಿಲೆ ಎಲ್ಲ ಹೇಳುತ್ತಿದ್ದ. ದೇವರೇ ತನಗೆ ತಿಳಿಸುತ್ತಾನೆ ಅನ್ನುತ್ತಿದ್ದ. ಜಾದೂಗಾರ ಜೇಮ್ಸ್ ರ‍್ಯಾಂಡಿಯ ತಂಡದವರು ಅವನ ಕಿವಿಯಲ್ಲಿ ಪುಟ್ಟ ಯಂತ್ರ ಇರುವುದನ್ನು ಗಮನಿಸಿದರು. ರೇಡಿಯೊ ಸ್ಕ್ಯಾನರ್ ತಂದು ಹುಡುಕಿದರು. 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ್ದು ದೇವರ ಧ್ವನಿಯಲ್ಲ, ಅವನ ಹೆಂಡತಿಯ ಧ್ವನಿ. ಜನ ಮೊದಲೇ ಚೀಟಿಯಲ್ಲಿ ಬರೆದುಕೊಟ್ಟ ವಿವರಗಳನ್ನು ಆಕೆ ಓದಿ ಹೇಳುತ್ತಿದ್ದಳು. ರ‍್ಯಾಂಡಿ ಆ ಧ್ವನಿಯನ್ನು ಟೀವಿಯಲ್ಲಿ ಕೇಳಿಸಿದರು. ಮರುವರ್ಷ ಪಾಪಾಫ್ ದಿವಾಳಿ ಅರ್ಜಿ ಹಾಕಿದ.

ಈ ಕಥೆ ಹೇಳುವಾಗ ನಮಗೆಲ್ಲ ಹುರುಪು ಬರುತ್ತದೆ. ಬರಬೇಕಾದ್ದೇ. ಮೋಸ ಮೋಸವೇ. ಸಂದೇಹ ಇಲ್ಲದಿದ್ದರೆ ಅದು ಬಯಲಾಗುತ್ತಿರಲಿಲ್ಲ. ಔಷಧಿ ಬಿಟ್ಟು ಇಂಥವರ ಹಿಂದೆ ಹೋದರೆ ಜೀವ ಹೋಗುತ್ತದೆ. ಇಲ್ಲಿ ನಯವಾಗಿ ಮಾತಾಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಸಿಟ್ಟು ಯಾರ ಮೇಲೆ ಅನ್ನುವುದು ಧ್ವನಿಯಲ್ಲಿ ಗೊತ್ತಾಗಬೇಕು. ಆ ಚೀಟಿ ಬರೆದವರನ್ನು ನೆನೆಯಿರಿ. ಸರತಿಯಲ್ಲಿ ನಿಂತು, ಕಾಯಿಲೆಯ ಹೆಸರನ್ನು ಕಾಗದದ ಮೇಲೆ ಬರೆದು ಒಬ್ಬರ ಕೈಗೆ ಕೊಟ್ಟವರು. ಅವರನ್ನು ಪೆದ್ದರು ಅಂದ ಕ್ಷಣ, ಅಂಥದ್ದೇ ಒಂದು ಚೀಟಿ ಬರೆದಿರುವ ನಮ್ಮ ಕೇಳುಗ ಆಫ್ ಮಾಡುತ್ತಾನೆ. ಆಮೇಲೆ ನಾವು ಎಷ್ಟೇ ನಿಜ ಹೇಳಿದರೂ ಅವನಿಗೆ ತಲುಪುವುದಿಲ್ಲ.

ಸಂಕಲನದ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ಒಮ್ಮೆ ಒಬ್ಬ ಧರ್ಮಗುರುವಿನ ಜೊತೆ ಮಾತಾಡಿದೆ. ಪುಟ್ಟ ಮಗುವಿಗೆ ಕ್ಯಾನ್ಸರ್ ಬಂದರೆ ಅದರಲ್ಲಿ ದೇವರ ಕರುಣೆ ಎಲ್ಲಿದೆ ಅಂತ ಕೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಉತ್ತರ ಹೇಳಿದರು. ಸಂಕಲನ ಮಾಡುವಾಗ ಆ ಮೌನವನ್ನು ಕತ್ತರಿಸಿದೆ. ಕಾರ್ಯಕ್ರಮ ಚುರುಕಾಗಿರಲಿ ಅಂತ, ಬೇರೆ ಉದ್ದೇಶ ಇರಲಿಲ್ಲ. ಪ್ರಸಾರವಾದ ಮೇಲೆ ಅವರು ಫೋನ್ ಮಾಡಿದರು. "ನಾನು ಯೋಚನೆ ಮಾಡಿದ್ದು ಎಲ್ಲಿ ಹೋಯ್ತು?" ಅಂದರು. ಮತ್ತೆ ಹಾಕಿ ಕೇಳಿದೆ. ಅವರು ಹೇಳಿದ್ದು ನಿಜ. ಮಗುವಿನ ಸಾವಿನ ಪ್ರಶ್ನೆಗೆ ಬಾಯಿಪಾಠದ ಉತ್ತರ ಒಪ್ಪಿಸುವವರ ಹಾಗೆ ಕೇಳಿಸುತ್ತಿದ್ದರು. ಒಂದು ಪದವನ್ನೂ ಬದಲಿಸದೆ ಒಬ್ಬ ಮನುಷ್ಯನನ್ನು ನಾನು ಬೇರೆಯವರನ್ನಾಗಿ ಮಾಡಿದ್ದೆ. ಅವತ್ತಿನಿಂದ ಇಂಥ ಮಾತುಕತೆಯಲ್ಲಿ ಮೌನಕ್ಕೆ ಕತ್ತರಿ ಹಾಕುವುದಿಲ್ಲ.

ಅಂಕಿಅಂಶದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಪ್ರಾರ್ಥನೆಯಿಂದ ರೋಗಿಗೆ ಗುಣವಾಗುತ್ತದಾ ಅಂತ ನೋಡಲು ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಮಾಡಿದ್ದು, 2006ರಲ್ಲಿ ಪ್ರಕಟವಾಯಿತು. ಆರು ಆಸ್ಪತ್ರೆ, ಹೃದಯದ ಬೈಪಾಸ್ ಆಪರೇಷನ್ ಆಗಬೇಕಿದ್ದ 1,802 ರೋಗಿಗಳು, ಮೂರು ಗುಂಪು. ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೇ ಇರಬಹುದು ಅಂತ ಎರಡು ಗುಂಪುಗಳಿಗೆ ಹೇಳಿದ್ದರು. ಅದರಲ್ಲಿ ಒಂದು ಗುಂಪಿಗೆ ಮಾತ್ರ ನಿಜವಾಗಿ ಪ್ರಾರ್ಥನೆ ನಡೆಯಿತು. ಮೂರನೆಯ ಗುಂಪಿಗೆ, ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತದೆ ಅಂತ ಹೇಳಿ ಹಾಗೇ ಮಾಡಿದರು. ಪರಿಚಯವೇ ಇಲ್ಲದ ಕ್ರೈಸ್ತ ಪ್ರಾರ್ಥನಾ ಗುಂಪುಗಳು ಪ್ರತಿ ರೋಗಿಯ ಹೆಸರು ಹಿಡಿದು 14 ದಿನ ಪ್ರಾರ್ಥಿಸಿದವು.

ಆಪರೇಷನ್ ಆದ ಮೇಲೆ ಏನಾದರೂ ತೊಡಕು ಕಂಡವರು ಎಷ್ಟು? ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇಕಡಾ 52. ಪಡೆಯದವರಲ್ಲಿ 51. ಅಂದರೆ ವ್ಯತ್ಯಾಸ ಇಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಅಂತ ಗೊತ್ತಿದ್ದವರಲ್ಲಿ 59.

ಈ 59 ಇದೆಯಲ್ಲ, ಇದು ಮೈಕಿನ ಮುಂದೆ ಕೂತವರಿಗೆ ದೊಡ್ಡ ಆಮಿಷ. "ಪ್ರಾರ್ಥನೆ ಮಾಡಿದರೆ ಕಾಯಿಲೆ ಜಾಸ್ತಿಯಾಗುತ್ತದೆ!" ಹತ್ತು ಸೆಕೆಂಡಿನ ಮಾತು, ಜನ ನಗುತ್ತಾರೆ. ಆದರೆ ಪ್ರಯೋಗ ಮಾಡಿದವರೇ ಹಾಗೆ ಹೇಳಿಲ್ಲ. ಅದು ಆಕಸ್ಮಿಕ ಇರಬಹುದು ಅಂದರು. ನನಗಾಗಿ ಪ್ರಾರ್ಥನೆ ಮಾಡುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಾ ಅಂತ ರೋಗಿ ಗಾಬರಿಯಾಗಿರಬಹುದು ಎಂಬ ಊಹೆಯೂ ಇದೆ. ಇನ್ನೊಂದು ಕಡೆ, ಅಪರಿಚಿತರು ಪಟ್ಟಿ ಹಿಡಿದು ಮಾಡುವ ಪ್ರಾರ್ಥನೆ ನಮ್ಮ ಪ್ರಾರ್ಥನೆಯೇ ಅಲ್ಲ ಅಂತ ಎಷ್ಟೋ ಭಕ್ತರು ಹೇಳುತ್ತಾರೆ. ಅದೂ ಕೇಳಬೇಕಾದ ಮಾತೇ. ಅವರನ್ನು ಕೇಳಬೇಕಾದ ಪ್ರಶ್ನೆ ಇಷ್ಟು: ಹಾಗಾದರೆ ಯಾವ ಥರದ ಫಲಿತಾಂಶ ಬಂದಿದ್ದರೆ ನೀವು ಈ ಪ್ರಯೋಗವನ್ನು ಒಪ್ಪುತ್ತಿದ್ದಿರಿ? ಇದೇ ಪ್ರಶ್ನೆಯನ್ನು ನನಗೂ ಕೇಳಿ ಅನ್ನಬೇಕು. ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ತೊಡಕು ಶೇಕಡಾ 30ಕ್ಕೆ ಇಳಿದು, ಬೇರೆ ಕಡೆ ಮಾಡಿದಾಗಲೂ ಹಾಗೇ ಬಂದಿದ್ದರೆ, ನನ್ನ ನಿಲುವು ಬದಲಾಗುತ್ತಿತ್ತು.

ಇಷ್ಟನ್ನೂ ಹೇಳಲು ಹದಿನೈದು ನಿಮಿಷ ಬೇಕು. ಪಾಡ್‌ಕಾಸ್ಟಿನಲ್ಲಿ ಆ ಹದಿನೈದು ನಿಮಿಷ ನಮ್ಮ ಹತ್ತಿರ ಇದೆ. ಹತ್ತು ಸೆಕೆಂಡಿನಲ್ಲಿ ಮುಗಿಸಿದರೆ ಏನಾಗುತ್ತದೆ ಅಂತ ನನಗೆ ತೋರಿಸಿಕೊಟ್ಟವರು ಒಬ್ಬ ಕೇಳುಗರು. ಅರವತ್ತು ದಾಟಿದವರು. ಬೈಪಾಸ್‌ಗೆ ದಿನ ಗೊತ್ತಾಗಿತ್ತು. ಎಲ್ಲೋ ಒಂದು ಕಾರ್ಯಕ್ರಮದಲ್ಲಿ ಈ 59ರ ಮಾತು ಕೇಳಿದ್ದರು. ಅವರ ಮನೆಯಲ್ಲಿ ಎಲ್ಲರೂ ದಿನಾ ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಇವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸ್ವತಃ ನಂಬಿಕೆ ಇಲ್ಲದ ಮನುಷ್ಯ, ಪ್ರಾರ್ಥನೆಗೆ ಹೆದರಿ ಕೂತಿದ್ದರು.

ಅವರ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸಿದೆ. ಮೇಲೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ನಾನು ಡಾಕ್ಟರಲ್ಲ, ಆಪರೇಷನ್ ಬಗ್ಗೆ ಭಯವಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ ಅಂದೆ. ಆಮೇಲೆ, ಆ ತಾಯಿಯ ಕರೆ ಬಂದ ದಿನ ಕೇಳಬೇಕಿದ್ದ ಪ್ರಶ್ನೆಯನ್ನು ಇವರಿಗೆ ಕೇಳಿದೆ. "ಮನೆಯವರು ಪ್ರಾರ್ಥನೆ ಮಾಡುವಾಗ ನಿಮಗೆ ಏನನ್ನಿಸುತ್ತೆ?"

ತುಂಬಾ ಹೊತ್ತು ಸುಮ್ಮನಿದ್ದರು. "ನನ್ನ ಹೆಂಡತಿಗೂ ಭಯ ಆಗಿದೆ ಅಂತ ಗೊತ್ತಾಗುತ್ತೆ ಸರ್. ಅವಳು ಬಾಯಿ ಬಿಟ್ಟು ಹೇಳಲ್ಲ. ಅದೇ ಅವಳು ಹೇಳೋ ರೀತಿ" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನನಗೆ ಗೊತ್ತಾಗದ ಹಾಗೆ ಪ್ರಾರ್ಥನೆ ಮಾಡು ಅಂತ ಹೇಳ್ಲಾ ಅವಳಿಗೆ? ಆಗ 52ಕ್ಕೆ ಇಳೀಬಹುದು" ಅಂದು ಜೋರಾಗಿ ನಕ್ಕರು.

ಆ ಮೌನ, ಆ ನಗು, ಎರಡನ್ನೂ ಕಾರ್ಯಕ್ರಮದಲ್ಲಿ ಹಾಗೇ ಇಟ್ಟಿದ್ದೇನೆ.